ಚಮಕಿ ಶೀಸೆಯೊಳಗಿನ ಹತ್ತಿ, ಮಣ್ಣು, ಜರಿ

ಸಣ್ಣ ತಯಾರಕರು ಕೈಯಾರೆ ಬೆರೆಸಿದ ಚಮಕಿ ನೇಲ್ ಪಾಲಿಶ್ ಈಗ ರಾಮದುರ್ಗದಂಥ ಊರಿಗೂ ಬರುತ್ತಿದೆ. ಅದರೊಳಗೆ ಏನಿದೆ, ಹೇಗೆ ಹಚ್ಚಬೇಕು, ಕೊಳ್ಳುವ ಮುನ್ನ ಏನು ನೋಡಬೇಕು?

ರಾಮದುರ್ಗದ ಬಳೆ ಅಂಗಡಿಗಳಲ್ಲಿ ನೇಲ್ ಪಾಲಿಶ್‌ಗೆ ಒಂದು ಮೂಲೆ ಮೀಸಲು. ಹಸಿರು ಗಾಜಿನ ಬಳೆಯ ಡಜನ್ನುಗಳು, ಕುಂಕುಮದ ಡಬ್ಬಿ, ಟಿಕಳಿ ಪಾಕೀಟು, ಅವುಗಳ ಮಗ್ಗುಲಿಗೆ ಬೆರಳುದ್ದದ ಶೀಸೆಗಳ ಸಾಲು. ಗೊಡಚಿ ವೀರಭದ್ರನ ಜಾತ್ರೆಗೆ ಹೋಗಲಿ, ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹುಣ್ಣಿಮೆಗೆ ಹೋಗಲಿ, ಅದೇ ಸಾಲು ಅಲ್ಲಿಯೂ ಕಣ್ಣಿಗೆ ಬೀಳುತ್ತದೆ. ಕೆಂಪು, ಗುಲಾಬಿ, ಕಂದು ಎಲ್ಲ ನೋಡಿದ ಮೇಲೂ ಹುಡುಗಿಯರ ಕೈ ಹೋಗುವುದು ಚಮಕಿ ಇದ್ದ ಶೀಸೆಗೇ.

ಈಚೆಗೆ ಇನ್ನೊಂದು ಬಗೆಯ ಶೀಸೆ ಊರಿಗೆ ಬರತೊಡಗಿದೆ. ದೊಡ್ಡ ಕಂಪನಿಯದಲ್ಲ, ಒಬ್ಬರೋ ಇಬ್ಬರೋ ಸೇರಿ ಸಣ್ಣ ಪ್ರಮಾಣದಲ್ಲಿ ಬೆರೆಸಿ, ತುಂಬಿ, ತಮ್ಮದೇ ಹೆಸರಿನಲ್ಲಿ ಮಾರುವಂಥದ್ದು. ಫೋನಿನಲ್ಲಿ ಆರ್ಡರ್ ಕೊಟ್ಟರೆ ಕೊರಿಯರ್‌ನವರು ಮನೆಗೆ ತಂದುಕೊಡುತ್ತಾರೆ. ಅಂಥದೊಂದನ್ನು ತರಿಸಿ ಹಚ್ಚಿ ನೋಡಿದೆ. ಮುತ್ತೈದೆ ಬಳೆಯ ಕಡುಹಸಿರು ಬಣ್ಣ. ಅದರೊಳಗೆ ಬಂಗಾರದ ಮತ್ತು ತಾಮ್ರದ ಚಮಕಿ. ಹಚ್ಚಿದ ಮೇಲೆ ಕೈ ಚಂದ ಕಂಡಿತು. ಅದಕ್ಕಿಂತ ಹೆಚ್ಚಾಗಿ ಶೀಸೆಯೊಳಗಿನ ಸಾಮಾನು ನನ್ನನ್ನು ಹಿಡಿದು ನಿಲ್ಲಿಸಿತು. ಏನೇನು ಹಾಕಿದ್ದಾರೆ ಎಂದು ಒಂದೊಂದಾಗಿ ಕೆದಕುತ್ತ ಹೋದರೆ, ಹತ್ತಿ ಬೆಳೆಯುವ, ಎರಿಹೊಲ ಉಳುವ, ಮಗ್ಗ ನಡೆಸುವ ಈ ಸೀಮೆಯವರಿಗೆ ಪರಕೀಯವಾದದ್ದು ಅದರಲ್ಲಿ ಬಹಳ ಕಡಿಮೆ. ಗೊತ್ತಿರುವ ಸಾಮಾನಿನ ಬಗ್ಗೆ ಪ್ರಶ್ನೆ ಕೇಳುವ ಹಕ್ಕೂ ಧೈರ್ಯವೂ ನಮಗಿರಬೇಕು ಎಂಬುದಕ್ಕಾಗಿ ಈ ಬರಹ.

ಹತ್ತಿಯಿಂದ ಬಂದ ಪೊರೆ

ಉಗುರಿನ ಮೇಲೆ ಒಣಗಿ ಗಟ್ಟಿಯಾಗುವ ಹೊಳಪಿನ ಪೊರೆಯ ಹೆಸರು ನೈಟ್ರೋಸೆಲ್ಯುಲೋಸ್. ಅದರ ಮೂಲ ಹತ್ತಿಯ ಎಳೆ, ಇಲ್ಲವೇ ಮರದ ತಿರುಳು. ಬೈಲಹೊಂಗಲ, ಸವದತ್ತಿ ಕಡೆಯ ಜಿನ್ನಿಂಗ್ ಮಿಲ್ಲುಗಳಲ್ಲಿ ಅರಳೆ ಬೇರ್ಪಟ್ಟ ಮೇಲೂ ಹತ್ತಿಕಾಳಿಗೆ ನವಿರಾದ ನಾರು ಅಂಟಿಕೊಂಡೇ ಇರುತ್ತದಲ್ಲ, ನೂಲಿಗೆ ಬಾರದ ಅಂಥ ಗಿಡ್ಡ ನಾರೇ ಈ ಕೆಲಸಕ್ಕೆ ಒಳ್ಳೆಯ ಕಚ್ಚಾವಸ್ತು. ಅದನ್ನು ನೈಟ್ರಿಕ್ ಮತ್ತು ಸಲ್ಫ್ಯೂರಿಕ್ ಆಮ್ಲಗಳಲ್ಲಿ ಹದವಾಗಿ ಸಂಸ್ಕರಿಸಿದರೆ ಹತ್ತಿಯ ಗುಣವೇ ಬದಲಾಗುತ್ತದೆ. ಆಗ ಅದು ಬ್ಯೂಟೈಲ್ ಅಸಿಟೇಟ್, ಈಥೈಲ್ ಅಸಿಟೇಟ್ ಎಂಬ ದ್ರಾವಕಗಳಲ್ಲಿ ಕರಗುತ್ತದೆ. ದ್ರಾವಕ ಆರಿಹೋದಂತೆ ತೆಳ್ಳನೆಯ ಗಟ್ಟಿ ಪೊರೆಯಾಗಿ ಉಳಿಯುತ್ತದೆ. ಮುಚ್ಚಳ ತೆಗೆದೊಡನೆ ಮೂಗಿಗೆ ಬಡಿಯುವ, ಹೆಚ್ಚು ಮಾಗಿದ ಬಾಳೆಹಣ್ಣಿನಂಥ ವಾಸನೆ ಈ ದ್ರಾವಕಗಳದ್ದು.

ಜರ್ಮನ್–ಸ್ವಿಸ್ ರಸಾಯನ ವಿಜ್ಞಾನಿ ಕ್ರಿಶ್ಚಿಯನ್ ಶೋನ್‌ಬೈನ್ 1846ರಲ್ಲಿ ಲೋಕಕ್ಕೆ ತಿಳಿಸಿದ ಈ ವಸ್ತು ಮೊದಲು ಹೆಸರು ಮಾಡಿದ್ದು ಸಿಡಿಮದ್ದಾಗಿ. ಕಡಿಮೆ ನೈಟ್ರೋಜನ್ ಸೇರಿಸಿದ ಬಗೆ ಆಮೇಲೆ ಸಿನಿಮಾ ರೀಲಾಯಿತು, 1920ರ ದಶಕದಲ್ಲಿ ಬೇಗ ಒಣಗುವ ಮೋಟಾರು ಕಾರಿನ ಬಣ್ಣವಾಯಿತು. ಉಗುರಿನ ಬಣ್ಣ ಅದೇ ದಾರಿಯಲ್ಲಿ ಬಂದದ್ದು. 1932ರಲ್ಲಿ ಅಮೆರಿಕದಲ್ಲಿ ಶುರುವಾದ ರೆವ್ಲಾನ್ ಕಂಪನಿ, ಉಗುರಿನ ಮೇಲೆ ಪಾರದರ್ಶಕವಾಗಿ ಕಾಣುತ್ತಿದ್ದ ತೆಳು ಬಣ್ಣದ ಜಾಗದಲ್ಲಿ ವರ್ಣಕ ಬೆರೆಸಿದ ದಟ್ಟ ಬಣ್ಣ ತಂದು ಬೆಳೆಯಿತು. ನಮ್ಮಲ್ಲಿ 1952ರಲ್ಲಿ ಟಾಟಾದವರು ಲ್ಯಾಕ್ಮೆ ಆರಂಭಿಸಿದ ಮೇಲೆ ದೇಶದೊಳಗೆ ತಯಾರಾದ ಸೌಂದರ್ಯ ಸಾಧನಗಳಿಗೆ ಒಂದು ನೆಲೆ ಸಿಕ್ಕಿತು.

ನೈಟ್ರೋಸೆಲ್ಯುಲೋಸ್ ಒಂದೇ ಆದರೆ ಪೊರೆ ಬಿರುಸಾಗಿ ಬಿರುಕು ಬಿಡುತ್ತದೆ. ಅದಕ್ಕೆ ಅಂಟು ಕೊಡುವ ರಾಳ, ಬಾಗುವ ಗುಣ ಕೊಡುವ ವಸ್ತು ಬೇಕು. ಬಾಗುವ ಗುಣಕ್ಕಾಗಿ ಹಾಕುವವುಗಳಲ್ಲಿ ಕರ್ಪೂರವೂ ಒಂದು. ದೇವರ ಮುಂದೆ ಬೆಳಗುವ ಕರ್ಪೂರದ್ದೇ ರಾಸಾಯನಿಕ. ಹತ್ತಿ, ಕರ್ಪೂರ, ದ್ರಾವಕ ಮೂರೂ ಬೇಗ ಹೊತ್ತಿಕೊಳ್ಳುವಂಥವು. ಶೀಸೆಯ ಮೇಲೆ ಬೆಂಕಿಯ ಎಚ್ಚರಿಕೆ ಇರುವುದು ಇದಕ್ಕೇ. ಸಾಗಣೆಯ ನಿಯಮಗಳು ನೇಲ್ ಪಾಲಿಶನ್ನು ಉರಿಯುವ ದ್ರವವೆಂದು ಎಣಿಸುತ್ತವೆ; ಹಾಗಾಗಿ ಇಂಥ ಪಾರ್ಸೆಲ್ಲು ವಿಮಾನದ ಬದಲು ರಸ್ತೆಯಲ್ಲಿ ನಿಧಾನವಾಗಿ ಬರುವುದೇ ವಾಡಿಕೆ. ಬಂದ ಮೇಲೂ ಅದನ್ನು ಒಲೆ, ಗ್ಯಾಸು, ದೀಪದ ಹತ್ತಿರ ಇಡಬಾರದು. ಹಚ್ಚಿಕೊಳ್ಳುವುದೂ ಅಡುಗೆಮನೆಯಲ್ಲಿ ಬೇಡ. ಗಾಳಿಯಾಡುವ ಪಡಸಾಲೆಯೋ ಅಂಗಳವೋ ಸರಿಯಾದ ಜಾಗ.

ಚಮಕಿ ಮುಳುಗದಂತೆ ಹಿಡಿಯುವ ಮಣ್ಣು

ಚಮಕಿಯ ಚೂರು ದ್ರಾವಕಕ್ಕಿಂತ ಭಾರ. ಸುಮ್ಮನೆ ಬೆರೆಸಿಟ್ಟರೆ ತಳ ಸೇರುತ್ತದೆ. ಜಾತ್ರೆಯ ಅಗ್ಗದ ಶೀಸೆಗಳಲ್ಲಿ ಮೇಲೆ ತಿಳಿದ್ರವ, ಕೆಳಗೆ ಚಮಕಿಯ ಗಸಿ ನಿಂತದ್ದನ್ನು ಎಲ್ಲರೂ ಕಂಡಿರುತ್ತಾರೆ. ಕುಂಚ ಅದ್ದಿದರೆ ಬರೀ ನೀರು. ಕೆದಕಿದರೆ ಒಮ್ಮೆಲೇ ಗಂಟು. ಒಳ್ಳೆಯ ತಯಾರಕರು ಮೊದಲು ಬಗೆಹರಿಸಿಕೊಳ್ಳಬೇಕಾದ ಸಮಸ್ಯೆ ಇದು. ಪರಿಹಾರ ಇರುವುದು ಮಣ್ಣಿನಲ್ಲಿ.

ಮಲಪ್ರಭೆಯ ಬಯಲಿನ ಎರಿಹೊಲ ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕಾಲು ಸಿಗುವಷ್ಟು ಬಿರಿಯುತ್ತದೆ. ಅದಕ್ಕೆ ಕಾರಣ ಸ್ಮೆಕ್ಟೈಟ್ ಎಂಬ ಜೇಡಿಯ ಕುಲ. ಈ ಜೇಡಿಯ ಒಂದೊಂದು ಕಣವೂ ಕಾಗದದ ಹಾಳೆಗಳಂಥ ತೆಳು ಪದರಗಳ ಕಟ್ಟು. ಪದರಗಳ ನಡುವೆ ನೀರು ಹೊಕ್ಕರೆ ಉಬ್ಬು, ಹೋದರೆ ಬಿರುಕು. ನೇಲ್ ಪಾಲಿಶ್‌ನಲ್ಲಿ ಬಳಸುವ ಬೆಂಟೊನೈಟ್ ಮತ್ತು ಹೆಕ್ಟೊರೈಟ್ ಇದೇ ಕುಲದವು. ಬೆಂಟೊನೈಟ್ ನಮ್ಮ ದೇಶದಲ್ಲಿ ಗುಜರಾತಿನ ಕಚ್ಛ್ ಮತ್ತು ರಾಜಸ್ಥಾನದ ಬಾಡಮೇರ್ ಕಡೆ ಹೇರಳವಾಗಿದೆ. ಈ ಜೇಡಿಗೆ ನೀರೆಂದರೆ ಇಷ್ಟ, ದ್ರಾವಕವೆಂದರೆ ಆಗದು. ಅದನ್ನು ಒಗ್ಗಿಸಲು ಪದರಗಳ ನಡುವೆ ಕೊಬ್ಬಿನ ಮೂಲದ ಒಂದು ಲವಣ ಸೇರಿಸುತ್ತಾರೆ. ಪದಾರ್ಥಗಳ ಪಟ್ಟಿಯಲ್ಲಿ ‘ಸ್ಟಿಯರಾಲ್ಕೋನಿಯಂ ಹೆಕ್ಟೊರೈಟ್’ ಎಂದು ಕಂಡರೆ ಅದು ಹೀಗೆ ಒಗ್ಗಿಸಿದ ಜೇಡಿ.

ಶೀಸೆ ಅಲುಗದೆ ನಿಂತಾಗ ಜೇಡಿಯ ಪದರಗಳು ಅಂಚಿಗೆ ಅಂಚು ತಾಗಿಸಿ ಒಂದು ಜಾಲ ಕಟ್ಟಿಕೊಳ್ಳುತ್ತವೆ. ಚಮಕಿ ಆ ಜಾಲದಲ್ಲಿ ಸಿಕ್ಕಿ, ಇದ್ದಲ್ಲೇ ಇರುತ್ತದೆ. ಕುಂಚ ಆಡಿಸಿದೊಡನೆ ಜಾಲ ಕಡಿದು ದ್ರವ ತೆಳುವಾಗಿ ಹರಿಯುತ್ತದೆ. ಉಗುರಿನ ಮೇಲೆ ನಿಂತ ಮೇಲೆ ಮತ್ತೆ ಕಟ್ಟಿಕೊಂಡು ದಪ್ಪಗಾಗುತ್ತದೆ. ಹಾಗಾಗಿ ಚಮಕಿ ಉಗುರಿನ ಅಂಚಿಗೆ ಜಾರುವುದಿಲ್ಲ.

ಶೀಸೆ ಬಂದೊಡನೆ ನಾನು ನೋಡಿದ್ದು ಇದನ್ನೇ. ಕಿಟಕಿಯಲ್ಲಿ ಅಲುಗಿಸದೆ ಬಿಟ್ಟೆ. ಆಮೇಲೆ ಬಿಸಿಲಿಗೆ ಹಿಡಿದು ನೋಡಿದಾಗ ಕತ್ತಿನ ಹತ್ತಿರ ಕೂದಲೆಳೆಯಷ್ಟು ತಿಳಿಗೆರೆ ಬಿಟ್ಟಿತ್ತು, ತಳದಲ್ಲಿ ಗಸಿ ಇರಲಿಲ್ಲ. ಬಂಗಾರದ ಚೂರುಗಳು ಹಸಿರಿನೊಳಗೆ ಒಂದೊಂದು ಎತ್ತರದಲ್ಲಿ ನಿಂತಿದ್ದವು. ಅಂಗೈಗಳ ನಡುವೆ ಶೀಸೆಯನ್ನು ಉರುಳಿಸಿದರೆ ಒಳಗಿನ ಎರಡು ಉಕ್ಕಿನ ಗುಂಡು ಟಕಟಕ ಸದ್ದು ಮಾಡಿದವು, ತಿಳಿಗೆರೆ ಮಾಯವಾಯಿತು. ಈ ಗುಂಡುಗಳೂ ತುಕ್ಕು ಹಿಡಿಯದ ಉಕ್ಕಿನವಾಗಿರಬೇಕು, ಇಲ್ಲದಿದ್ದರೆ ಬಣ್ಣ ಕೆಡುತ್ತದೆ. ಸಣ್ಣ ತಯಾರಕರ ಶ್ರದ್ಧೆ ಕಾಣುವುದು ಇಂಥ ಚಿಕ್ಕ ವಿಷಯಗಳಲ್ಲಿ.

ಮಗ್ಗದ ಜರಿ, ಶೀಸೆಯ ಚಮಕಿ

ರಾಮದುರ್ಗ, ಸುರೇಬಾನ, ಮನಿಹಾಳದ ಓಣಿಗಳಲ್ಲಿ ಮಗ್ಗದ ಸದ್ದು ಕೇಳಿ ಬೆಳೆದವರಿಗೆ ಜರಿಯ ಉಂಡೆ ಗೊತ್ತು. ಹಿಂದಿನ ಅಸಲಿ ಜರಿ ಎಂದರೆ ಬೆಳ್ಳಿಯ ತಂತಿಯನ್ನು ಚಪ್ಪಟೆ ಮಾಡಿ, ರೇಷ್ಮೆ ಎಳೆಗೆ ಸುತ್ತಿ, ಬಂಗಾರದ ನೀರು ಕೊಟ್ಟದ್ದು. ಸೂರತ್ ಅದಕ್ಕೆ ಹೆಸರಾದ ಊರು. ಈಗ ದಿನಬಳಕೆಯ ಸೀರೆಗಳಿಗೆ ಬರುವ ಅಗ್ಗದ ಜರಿ ಬೇರೆ. ಪಾಲಿಯೆಸ್ಟರ್ ಹಾಳೆಯ ಮೇಲೆ ನಿರ್ವಾತದ ಕೋಣೆಯಲ್ಲಿ ಅಲ್ಯೂಮಿನಿಯಂ ಆವಿ ಕೂರಿಸುತ್ತಾರೆ; ಮೇಲೆ ಹಳದಿಯ ತೆಳು ಲೇಪ ಕೊಟ್ಟರೆ ಬಂಗಾರ, ಕೊಡದಿದ್ದರೆ ಬೆಳ್ಳಿ. ಆ ಹಾಳೆಯನ್ನು ದಾರದಂತೆ ಸೀಳಿದರೆ ಜರಿ. ಅಂಥದ್ದೇ ಹಾಳೆಯನ್ನು ಅಡ್ಡಕ್ಕೂ ಉದ್ದಕ್ಕೂ ಕತ್ತರಿಸಿ ಚೂರು ಮಾಡಿದರೆ ಚಮಕಿ. ಸೀರೆಯ ಸೆರಗಿನ ಹೊಳಪೂ ಉಗುರಿನ ಹೊಳಪೂ ಒಂದೇ ತಂತ್ರದಿಂದ ಹುಟ್ಟಿದವು.

ಈಗಿನ ಚಮಕಿ ಉದ್ಯಮದ ಬೇರು ಅಮೆರಿಕದ ನ್ಯೂಜೆರ್ಸಿಯಲ್ಲಿದೆ. ಅಲ್ಲಿನ ಯಂತ್ರಗಾರ ಹೆನ್ರಿ ರುಶ್‌ಮನ್ 1934ರಲ್ಲಿ ಇಂಥ ವಸ್ತುಗಳನ್ನು ಒಂದೇ ಅಳತೆಯ ನುಣ್ಣನೆ ಚೂರುಗಳಾಗಿ ಕತ್ತರಿಸುವ ದಾರಿ ಕಂಡುಕೊಂಡ. ಅವನು ಕಟ್ಟಿದ ಮೆಡೋಬ್ರೂಕ್ ಇನ್ವೆನ್ಷನ್ಸ್ ಕಂಪನಿ ಈ ಉದ್ಯಮದ ದೊಡ್ಡ ಹೆಸರಾಯಿತು. ಚೂರುಗಳಲ್ಲಿ ಬಹಳಷ್ಟು ಆರು ಮೂಲೆಯವು. ಆರು ಮೂಲೆಯ ಚೂರುಗಳನ್ನು ನಡುವೆ ಸಂದು ಬಿಡದಂತೆ ಹಾಳೆಯಿಂದ ಕತ್ತರಿಸಬಹುದು, ಹಾಳೆ ಪೋಲಾಗುವುದಿಲ್ಲ. ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಿಂದ ಹಿಡಿದು ಎರಡು ಮೂರು ಮಿಲಿಮೀಟರಿನವರೆಗೆ ಅಳತೆಗಳಿವೆ. ಸಣ್ಣ ಚೂರು ಪುಡಿಯಾಗಿ ಮಿನುಗುತ್ತದೆ, ದೊಡ್ಡದು ಬೇರೆಯಾಗಿ ಎದ್ದು ಕಾಣುತ್ತದೆ. ಎರಡನ್ನೂ ಯಾವ ಪ್ರಮಾಣದಲ್ಲಿ ಸೇರಿಸಬೇಕು ಎಂಬುದೇ ತಯಾರಕರ ಕಲೆ.

ಇಲ್ಲೊಂದು ಕಷ್ಟವಿದೆ. ಮಕ್ಕಳ ಚಿತ್ರಕಲೆಗೆ ಮಾರುವ ಚಮಕಿಯನ್ನು ನೇಲ್ ಪಾಲಿಶ್‌ಗೆ ಹಾಕಿದರೆ ದ್ರಾವಕ ಅದರ ಬಣ್ಣದ ಲೇಪವನ್ನು ಕರಗಿಸಿಬಿಡುತ್ತದೆ. ಕೆಲವು ದಿನಗಳಲ್ಲಿ ಬಂಗಾರದ ಚೂರು ಬೆಳ್ಳಗಾಗುತ್ತದೆ, ಮುರುಟಿಕೊಳ್ಳುತ್ತದೆ, ಇಡೀ ಶೀಸೆಯ ಬಣ್ಣ ಬೇರೆಯಾಗುತ್ತದೆ. ದ್ರಾವಕಕ್ಕೆ ಜಗ್ಗದ, ಚರ್ಮದ ಬಳಕೆಗೆಂದೇ ತಯಾರಾದ ಚಮಕಿಗೆ ಬೆಲೆ ಹೆಚ್ಚು. ಎರಡು ಶೀಸೆಗಳ ದರದ ಅಂತರದಲ್ಲಿ ಇದೂ ಸೇರಿರುತ್ತದೆ.

ಲೋಹವನ್ನು ಪುಡಿ ಮಾಡಿ ಹೊಳೆಯುವ ಬಣ್ಣ ಮಾಡುವ ವಿದ್ಯೆಗೆ ನಮ್ಮ ಕಡೆ ಯಂತ್ರ ಬರುವವರೆಗೆ ಕಾಯಬೇಕಾಗಿರಲಿಲ್ಲ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಮರದ ಗೊಂಬೆ, ದೇವರ ಮೂರ್ತಿಗಳಿಗೆ ಲಾಜವಾರ ಎಂಬ ಹೊಳಪು ಕೊಡುತ್ತ ಬಂದಿದ್ದಾರೆ. ತವರವನ್ನು ಕರಗಿಸಿ, ಅಂಟಿನೊಡನೆ ಕುಟ್ಟಿ ನುಣ್ಣಗೆ ಮಾಡಿ, ಬಳಿದು, ತಿಕ್ಕಿ ಹೊಳಪು ತರಿಸುವ ಕೆಲಸ ಅದು. ಲೋಹದ ಪುಡಿ, ಹಿಡಿದಿಡುವ ಅಂಟು, ಮೇಲೆ ರಕ್ಷಣೆಯ ಲೇಪ ಎಂಬ ಮೂರು ಮೆಟ್ಟಿಲು ಅಲ್ಲಿಯೂ ಇವೆ, ಉಗುರಿನ ಮೇಲೂ ಇವೆ.

ಕಾಗೆ ಬಂಗಾರ

ಎಲ್ಲ ಮಿನುಗೂ ಪ್ಲಾಸ್ಟಿಕ್ ಚೂರಿನದಲ್ಲ. ಮುತ್ತಿನಂಥ, ರೇಷ್ಮೆಯಂಥ ನವಿರು ಹೊಳಪು ಅಭ್ರಕದ್ದು. ಹೊಲದ ಬದುವಿನಲ್ಲಿ, ಹಳ್ಳದ ಮರಳಿನಲ್ಲಿ ಮಕ್ಕಳು ಆರಿಸಿ ಆಡುವ ಕಾಗೆ ಬಂಗಾರ. ಅದರ ತೆಳು ಪದರದ ಮೇಲೆ ಟೈಟಾನಿಯಂ ಡೈಆಕ್ಸೈಡ್‌ನ ಇನ್ನೂ ತೆಳುವಾದ ಲೇಪ ಕೊಡುತ್ತಾರೆ. ಲೇಪದ ಮೇಲ್ಮೈಯಿಂದ ಮರಳುವ ಬೆಳಕೂ ಅದರ ತಳದಿಂದ ಮರಳುವ ಬೆಳಕೂ ಒಂದಕ್ಕೊಂದು ಕೂಡಿ, ಕೆಲವು ಬಣ್ಣ ಹೆಚ್ಚುತ್ತವೆ, ಕೆಲವು ಅಳಿಯುತ್ತವೆ. ಲೇಪ ತೀರ ತೆಳುವಿದ್ದರೆ ಬೆಳ್ಳಿ. ದಪ್ಪವಾದಂತೆ ಬಂಗಾರ, ಕೆಂಪು, ನೀಲಿ, ಹಸಿರು. ಬಣ್ಣದ ಪುಡಿಯನ್ನೇ ಹಾಕದೆ, ದಪ್ಪವನ್ನಷ್ಟೇ ಬದಲಿಸಿ ಬಣ್ಣ ಪಡೆಯುವ ಈ ಜಾಣತನ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ.

ಈ ಮಿಂಚಿಗೆ ನೋವಿನ ಇನ್ನೊಂದು ಮುಖವಿದೆ. ಜಾರ್ಖಂಡದ ಕೊಡರ್ಮಾ, ಗಿರಿಡೀಹ್ ಮತ್ತು ಬಿಹಾರದ ನವಾದಾ ಕಡೆಯ ಅಭ್ರಕ ಪಟ್ಟಿಯಲ್ಲಿ ಮುಚ್ಚಿದ ಗಣಿಗಳ ಬಿಲಗಳಿಗೆ ಇಳಿದು ಮಕ್ಕಳು ಅಭ್ರಕ ಆರಿಸುವುದು, ಮಣ್ಣು ಕುಸಿದು ಸಾಯುವುದು 2016ರಲ್ಲಿ ಲೋಕದ ಸುದ್ದಿಯಾಯಿತು. ಮರುವರ್ಷ ಹಲವು ಕಂಪನಿಗಳು ಸೇರಿ ರೆಸ್ಪಾನ್ಸಿಬಲ್ ಮೈಕಾ ಇನಿಷಿಯೇಟಿವ್ ಎಂಬ ಒಕ್ಕೂಟ ಕಟ್ಟಿದವು. ಕೆಲವರು ಗಣಿಯ ಅಭ್ರಕ ಬಿಟ್ಟು ಕುಲುಮೆಯಲ್ಲಿ ತಯಾರಿಸಿದ ಕೃತಕ ಅಭ್ರಕಕ್ಕೆ ಹೊರಳಿದ್ದಾರೆ. ಪಟ್ಟಿಯಲ್ಲಿ ಅದು ಸಿಂಥೆಟಿಕ್ ಫ್ಲೋರ್‌ಫ್ಲೊಗೊಪೈಟ್ ಎಂಬ ಹೆಸರಿನಲ್ಲಿರುತ್ತದೆ. ದೊಡ್ಡ ಕಂಪನಿಗೆ ಪತ್ರ ಬರೆದರೆ ಉತ್ತರ ಬರುವುದು ಕಷ್ಟ. ಸಣ್ಣ ತಯಾರಕರಿಗೆ ‘ನಿಮ್ಮ ಅಭ್ರಕ ಎಲ್ಲಿಯದು’ ಎಂದು ನೇರವಾಗಿ ಕೇಳಬಹುದು. ಕೇಳಲೇಬೇಕು. ನಮ್ಮ ಮಗಳ ಉಗುರಿನ ಮಿಂಚಿಗೆ ಇನ್ನೊಬ್ಬರ ಮಗಳು ಬಿಲಕ್ಕೆ ಇಳಿಯುವಂತಾಗಬಾರದು.

ಹಚ್ಚುವ ಹದ

ಚಮಕಿಯನ್ನು ಸಾದಾ ಬಣ್ಣದಂತೆ ಎಳೆದರೆ ಚೂರುಗಳೆಲ್ಲ ಕುಂಚದ ಹಿಂದೆಯೇ ಓಡಿ ಉಗುರಿನ ತುದಿಯಲ್ಲಿ ಗುಂಪುಗೂಡುತ್ತವೆ. ತಿಳಿಯಾದ ತಳಲೇಪ ಮೊದಲು ಬರಬೇಕು. ಅದು ಕಡುಬಣ್ಣದ ಕಲೆ ಉಗುರಿಗೆ ಇಳಿಯದಂತೆ ತಡೆಯುತ್ತದೆ. ಅದು ಆರಿದ ಮೇಲೆ ಕುಂಚದ ತುದಿಗೆ ಒಂದು ತೊಟ್ಟು ತೆಗೆದುಕೊಂಡು ಉಗುರಿನ ನಡುವೆ ಇಟ್ಟು, ಒತ್ತದೆ, ತಟ್ಟುತ್ತ ಹರಡಬೇಕು. ಮೊದಲ ಲೇಪ ತೆಳುವಾಗಿ, ಅಲ್ಲಲ್ಲಿ ಖಾಲಿ ಕಂಡರೂ ಅಡ್ಡಿಯಿಲ್ಲ. ದಪ್ಪಗೆ ಒಮ್ಮೆಲೇ ಬಳಿದರೆ ಮೇಲ್ಪದರ ಮೊದಲು ಒಣಗಿ, ಒಳಗಿನ ದ್ರಾವಕ ಹೊರಬರಲಾರದೆ ಗುಳ್ಳೆ ಏಳುತ್ತದೆ, ತಾಸುಗಟ್ಟಲೆ ಮೆತ್ತಗೇ ಉಳಿಯುತ್ತದೆ. ಏಪ್ರಿಲ್–ಮೇ ಬಿಸಿಲಿನಲ್ಲಿ ಫ್ಯಾನಿನ ಕೆಳಗೆ ಕೂತು ಹಚ್ಚಿದರೂ ಇದೇ ಗತಿ. ಬೆಳಗಿನ ತಂಪು ಹೊತ್ತು ಉತ್ತಮ.

ನಾನು ತರಿಸಿದ ಹಸಿರು ಪಾರದರ್ಶಕ ಬಗೆಯದು. ಎರಡನೆಯ ಲೇಪ ಬಿದ್ದಾಗ ಮೊದಲ ಲೇಪದ ಚಮಕಿ ಹಸಿರಿನ ಅಡಿಗೆ ಹೋಗಿ ಮಬ್ಬಾಯಿತು, ಮೇಲಿನದು ಫಳಫಳ ಹೊಳೆಯಿತು. ಹೀಗೆ ಆಳ ಬಂದಾಗ ಬಣ್ಣಕ್ಕೆ ಜೀವ ಬರುತ್ತದೆ. ದಟ್ಟ ಬಣ್ಣದಲ್ಲಿ ಚಮಕಿ ಹಾಕಿದರೆ ಇದು ಸಿಗುವುದಿಲ್ಲ, ಒಳಗಿನ ಚೂರೆಲ್ಲ ಹೂತುಹೋಗುತ್ತದೆ.

ಮೇಲಿನ ಕೊನೆಯ ತಿಳಿಲೇಪವನ್ನು ನಮ್ಮೂರ ಹೆಂಗಸರು ಬಿಡಲೇಬಾರದು. ಅದಿಲ್ಲದೆ ಚಮಕಿ ಉಗುರು ಉಪ್ಪುಕಾಗದದಂತೆ ಗರಗರ ಇರುತ್ತದೆ. ಕಂಡಿಕೆ ಸುತ್ತುವ, ಮಗ್ಗದಲ್ಲಿ ಎಳೆ ಹಚ್ಚುವ ಕೈಗೆ ಅದು ಶತ್ರು. ಒಂದು ರೇಷ್ಮೆ ಎಳೆಯನ್ನು ಉಗುರಿನ ಮೇಲೆ ಮೆಲ್ಲಗೆ ಎಳೆದು ನೋಡಿದೆ: ತಿಳಿಲೇಪ ಇಲ್ಲದ ಉಗುರಿನ ಮೇಲೆ ಎಳೆ ಸಿಕ್ಕಿ ಜುಂಜು ಎದ್ದಿತು, ದಪ್ಪ ತಿಳಿಲೇಪ ಕೊಟ್ಟು ಚೆನ್ನಾಗಿ ಆರಿದ ಉಗುರಿನ ಮೇಲೆ ಸಲೀಸಾಗಿ ಜಾರಿತು. ನೇಕಾರ ಮನೆಯ ಹುಡುಗಿ ಚಮಕಿ ಹಚ್ಚಿಕೊಳ್ಳಬಾರದು ಎಂದು ಹೇಳುವ ಹಿರಿಯರಿಗೆ ಈ ಎಳೆಯ ಪರೀಕ್ಷೆಯನ್ನು ತೋರಿಸಬಹುದು.

ಇನ್ನೊಂದು ಪರೀಕ್ಷೆ ರೊಟ್ಟಿಯದು. ಕುದಿನೀರು ಹಾಕಿ ನಾದಿದ ಜೋಳದ ಹಿಟ್ಟು ಬಿಸಿ. ತಟ್ಟುವಾಗ ಬೆರಳತುದಿ ಮತ್ತೆ ಮತ್ತೆ ಕೊಣಮಿಗೆಗೆ ಬಡಿಯುತ್ತದೆ. ಯಾವ ನೇಲ್ ಪಾಲಿಶ್ ಆದರೂ ಮೊದಲು ಸವೆಯುವುದು ಉಗುರಿನ ತುದಿಯಲ್ಲೇ. ಕೊನೆಯ ಲೇಪ ಕೊಡುವಾಗ ಕುಂಚವನ್ನು ತುದಿಯ ಅಂಚಿಗೂ ಸವರಿ ಮುಚ್ಚಿದರೆ ಬಾಳಿಕೆ ಹೆಚ್ಚುತ್ತದೆ. ಚಮಕಿಗೆ ಒಂದು ಅನುಕೂಲವೂ ಇದೆ: ತುದಿ ಸವೆದರೂ ಚೂರುಗಳ ನಡುವೆ ಅದು ಬೇಗ ಕಾಣುವುದಿಲ್ಲ. ಆದರೆ ಎದ್ದು ನಿಂತ ಚಕ್ಕೆ ಹಿಟ್ಟಿಗೆ ಬೀಳಬಾರದು. ಅಂಚು ಬಿಟ್ಟುಕೊಂಡದ್ದು ಕಂಡ ದಿನವೇ ಪೂರ್ತಿ ತೆಗೆದುಬಿಡುವುದು ಲೇಸು. ಅನ್ನ ಕಲಸುವ, ಕೂಸಿಗೆ ತುತ್ತು ಕೊಡುವ ಕೈ ಅದು.

ತೆಗೆಯುವ ತಾಳ್ಮೆ, ನದಿಯ ನೆನಪು

ಚಮಕಿ ಹಚ್ಚುವುದು ಸುಲಭ, ತೆಗೆಯುವುದು ಕಷ್ಟ. ಪಾಲಿಯೆಸ್ಟರ್ ಚೂರು ಅಸಿಟೋನಿಗೆ ಕರಗುವುದಿಲ್ಲ, ಸುತ್ತಲಿನ ಪೊರೆ ಮಾತ್ರ ಕರಗುತ್ತದೆ. ತಿಕ್ಕಿದರೆ ಚೂರುಗಳು ಚರ್ಮ ಗೀರುತ್ತವೆ. ಹತ್ತಿಯ ತುಂಡನ್ನು ಅಸಿಟೋನಿನಲ್ಲಿ ನೆನೆಸಿ ಉಗುರಿನ ಮೇಲಿಟ್ಟು, ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಸುತ್ತಿ, ಐದ್ಹತ್ತು ನಿಮಿಷ ಬಿಟ್ಟು ಒತ್ತಿ ಎಳೆದರೆ ಒಮ್ಮೆಗೇ ಬರುತ್ತದೆ. ಆಮೇಲೆ ಒಂದು ಹನಿ ಕೊಬ್ಬರಿ ಎಣ್ಣೆ. ಉಗುರಿನಿಂದ ಕಿತ್ತು ಕಿತ್ತು ತೆಗೆಯುವ ಚಟ ಮಾತ್ರ ಬೇಡ. ಬಣ್ಣದ ಜೊತೆ ಉಗುರಿನ ಪದರವೂ ಕಿತ್ತು ಬರುತ್ತದೆ. ಕೈಯುಗುರು ಬೆಳೆಯುವುದು ತಿಂಗಳಿಗೆ ಸುಮಾರು 3 ಮಿಲಿಮೀಟರ್. ಬುಡದಲ್ಲಿ ಆದ ಗಾಯ ತುದಿಗೆ ಬಂದು ಹೋಗಲು ಅರ್ಧ ವರ್ಷ ಬೇಕು.

ಹೆರಿಗೆಗೋ ಶಸ್ತ್ರಚಿಕಿತ್ಸೆಗೋ ಆಸ್ಪತ್ರೆಗೆ ಹೋಗುವ ಮುನ್ನ ಬಣ್ಣ ತೆಗೆದೇ ಹೋಗಬೇಕು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಉಗುರಿನ ಮೂಲಕ ಬೆಳಕು ಹಾಯಿಸಿ ರಕ್ತದ ಆಮ್ಲಜನಕ ಅಳೆಯುತ್ತದೆ. ಕಡುಬಣ್ಣ, ಚಮಕಿ ಅದಕ್ಕೆ ಅಡ್ಡಬರಬಹುದು. ನಮಾಜಿಗೆ ಮುನ್ನ ವುಜೂ ಮಾಡುವ ಅಕ್ಕತಂಗಿಯರಿಗೂ ನೀರು ತಾಗಗೊಡದ ಈ ಪೊರೆ ಅಡಚಣೆಯೇ. ಅವರಿಗೆ ಮದರಂಗಿ ಇದ್ದೇ ಇದೆ.

ತೆಗೆದ ಹತ್ತಿಯನ್ನು ಏನು ಮಾಡುತ್ತೇವೆ ಎಂಬುದೂ ಮುಖ್ಯ. ಬಚ್ಚಲಿಗೆ ಎಸೆದರೆ ಚಮಕಿ ಗಟಾರಕ್ಕೆ, ಗಟಾರದಿಂದ ಹಳ್ಳಕ್ಕೆ, ಹಳ್ಳದಿಂದ ಮಲಪ್ರಭೆಗೆ. ಖಾನಾಪುರದ ಕಣಕುಂಬಿಯಲ್ಲಿ ಹುಟ್ಟಿ, ಸವದತ್ತಿಯ ನವಿಲುತೀರ್ಥದಲ್ಲಿ ನಿಂತು, ರಾಮದುರ್ಗ ದಾಟಿ ಕೂಡಲಸಂಗಮಕ್ಕೆ ಹೋಗುವ ನದಿಯ ನೀರನ್ನೇ ನಾವು ಕುಡಿಯುವುದು. ಐರೋಪ್ಯ ಒಕ್ಕೂಟ 2023ರ ಅಕ್ಟೋಬರ್ 17ರಿಂದ ಸಡಿಲವಾಗಿ ಉದುರುವ ಪ್ಲಾಸ್ಟಿಕ್ ಚಮಕಿಯ ಮಾರಾಟಕ್ಕೆ ಕಡಿವಾಣ ಹಾಕಿದೆ. ಉಗುರು ಮತ್ತು ತುಟಿಯ ಬಣ್ಣಗಳಿಗೆ 2035ರವರೆಗೆ ಸಮಯ ಕೊಟ್ಟಿದೆ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧಕರು ಸಸ್ಯದ ಸೆಲ್ಯುಲೋಸ್‌ನಿಂದಲೇ ಹೊಳೆಯುವ ಚಮಕಿ ತಯಾರಿಸಿ 2021ರಲ್ಲಿ ಪ್ರಕಟಿಸಿದ್ದಾರೆ. ಅದು ಅಂಗಡಿಗೆ ಬಂದು ನಮ್ಮೂರು ಮುಟ್ಟುವ ತನಕ ಬಳಸಿದ ಹತ್ತಿಯನ್ನು ಕಾಗದದಲ್ಲಿ ಸುತ್ತಿ ಒಣಕಸಕ್ಕೆ ಹಾಕುವುದು, ಬೆಂಕಿಯಿಂದ ದೂರ ಇಡುವುದು ನಮ್ಮ ಪಾಲಿನ ಕೆಲಸ.

ಶೀಸೆಯ ಮೇಲೆ ಏನಿರಬೇಕು

ಸ್ವತಂತ್ರ ತಯಾರಕರ ಈ ಅಲೆ ಎದ್ದದ್ದು 2010ರ ನಂತರ, ಮುಖ್ಯವಾಗಿ ಅಮೆರಿಕದಲ್ಲಿ. ತಿಳಿದ್ರವದಲ್ಲಿ ಬಗೆಬಗೆಯ ಚಮಕಿ ತುಂಬಿದ ಶೀಸೆಗಳನ್ನು ಮನೆಯಿಂದಲೇ ಮಾರುವವರು ಹುಟ್ಟಿಕೊಂಡರು. 2019ರಲ್ಲಿ ಕೆನಡಾದ ಕ್ರಿಸ್ಟೀನ್ ರೋಟೆನ್‌ಬರ್ಗ್ ಯೂಟ್ಯೂಬ್‌ನಲ್ಲಿ ಗಳಿಸಿದ ಹೆಸರಿನ ಬಲದ ಮೇಲೆ ಹೋಲೋ ಟ್ಯಾಕೋ ಎಂಬ ತಮ್ಮದೇ ಕಂಪನಿ ಕಟ್ಟಿದರು. ಸಣ್ಣವರು ದೊಡ್ಡವರ ಮುಂದೆ ನಿಂತದ್ದು ಧೈರ್ಯದಿಂದ: ದೊಡ್ಡ ಕಂಪನಿ ಲಕ್ಷ ಶೀಸೆ ಮಾರಬೇಕಾದ್ದರಿಂದ ಎಲ್ಲರಿಗೂ ಒಪ್ಪುವ ಬಣ್ಣ ಮಾಡುತ್ತದೆ, ನೂರಿನ್ನೂರು ಶೀಸೆ ಮಾಡುವವರು ತಮಗೆ ಕಂಡ ಬಣ್ಣವನ್ನೇ ಮಾಡಬಹುದು. ಮಿಲ್ಲಿನ ಬಟ್ಟೆಯ ಎದುರು ಕೈಮಗ್ಗ ಉಳಿದದ್ದೂ ಇದೇ ಬಲದಿಂದ.

ಭಾರತದಲ್ಲಿ ಈ ಧೈರ್ಯದ ಜೊತೆಗೆ ಕಾನೂನಿನ ಹೊಣೆಯೂ ಇದೆ. 1940ರ ಔಷಧ ಮತ್ತು ಪ್ರಸಾಧನ ಕಾಯ್ದೆ ಹಾಗೂ 2020ರ ಪ್ರಸಾಧನ ನಿಯಮಗಳ ಪ್ರಕಾರ ಮಾರಾಟಕ್ಕೆ ನೇಲ್ ಪಾಲಿಶ್ ತಯಾರಿಸುವವರು, ಎಷ್ಟೇ ಸಣ್ಣವರಿರಲಿ, ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳಿಂದ ಪರವಾನಗಿ ಪಡೆದಿರಬೇಕು. ಸ್ವಂತ ಕಾರ್ಖಾನೆ ಇಲ್ಲದವರಿಗೆ, ಪರವಾನಗಿ ಇರುವ ಇನ್ನೊಬ್ಬರ ಘಟಕದಲ್ಲಿ ತಯಾರಿಸಿಕೊಳ್ಳುವ ಲೋನ್ ಲೈಸನ್ಸ್ ಎಂಬ ದಾರಿಯೂ ಇದೆ. ಶೀಸೆ ಕೈಗೆ ಬಂದಾಗ ನೋಡಬೇಕಾದದ್ದು ತಯಾರಕರ ಹೆಸರು ಮತ್ತು ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಎಂದಿನೊಳಗೆ ಬಳಸಬೇಕು ಎಂಬ ತಿಂಗಳು, ಬೆಂಕಿಯ ಎಚ್ಚರಿಕೆ. ಇಷ್ಟಿಲ್ಲದ ಶೀಸೆ ಎಷ್ಟೇ ಚಂದವಿರಲಿ, ಎಷ್ಟೇ ಅಗ್ಗವಿರಲಿ, ವಾಪಸು ಇಡಬೇಕು. ಪ್ರಾಣಿಗಳ ಮೇಲೆ ಪರೀಕ್ಷಿಸಿಲ್ಲ ಎಂಬ ಸಾಲು ಕೆಲವರು ದೊಡ್ಡದಾಗಿ ಬರೆಯುತ್ತಾರೆ. ಆ ಪರೀಕ್ಷೆಯನ್ನು ಭಾರತ 2014ರಲ್ಲೇ ನಿಷೇಧಿಸಿದೆ.

‘ಐದು ವಿಷಮುಕ್ತ’, ‘ಹತ್ತು ವಿಷಮುಕ್ತ’ ಎಂಬ ಘೋಷಣೆಗಳನ್ನೂ ಅರಿತು ಓದಬೇಕು. ಟಾಲ್ಯೂಯೀನ್, ಫಾರ್ಮಾಲ್ಡಿಹೈಡ್, ಡೈಬ್ಯೂಟೈಲ್ ಥ್ಯಾಲೇಟ್ ಎಂಬ ಮೂರನ್ನು ಬಿಡುವುದರಿಂದ ಈ ಎಣಿಕೆ ಶುರುವಾಯಿತು. ಮೂರನ್ನೂ ಬಿಟ್ಟದ್ದು ಒಳ್ಳೆಯದೇ. ಆದರೆ ಅವುಗಳ ಜಾಗಕ್ಕೆ ಬಂದ ಟ್ರೈಫಿನೈಲ್ ಫಾಸ್ಫೇಟ್ ಬಗ್ಗೆ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು: ಬಣ್ಣ ಹಚ್ಚಿದ 10ರಿಂದ 14 ತಾಸಿನ ನಂತರ ಹೆಂಗಸರ ಮೂತ್ರದಲ್ಲಿ ಅದರ ಕುರುಹು ಸುಮಾರು 7 ಪಟ್ಟು ಏರಿತ್ತು. ಯಾವ ಸಂಖ್ಯೆಗೆ ಯಾವ ಯಾವ ವಸ್ತು ಎಂಬುದಕ್ಕೆ ಎಲ್ಲರೂ ಒಪ್ಪಿದ ಪಟ್ಟಿಯೂ ಇಲ್ಲ. ಹಾಗಾಗಿ ಏನೇನು ಇಲ್ಲ ಎನ್ನುವ ಘೋಷಣೆಗಿಂತ ಏನೇನು ಇದೆ ಎಂದು ಪೂರ್ತಿ ಬರೆಯುವ ತಯಾರಕರೇ ನಂಬಲು ಯೋಗ್ಯರು.

ನನ್ನ ಹಸಿರು ಶೀಸೆ ಈ ಪರೀಕ್ಷೆಯಲ್ಲಿ ಗೆದ್ದಿತು. ಡಬ್ಬಿಯ ಮಗ್ಗುಲಲ್ಲಿ ಸಣ್ಣ ಅಕ್ಷರದಲ್ಲಿ ಎಲ್ಲವೂ ಇತ್ತು. ಅದಕ್ಕೆ ಕೊಟ್ಟ ದುಡ್ಡು ಜಾತ್ರೆಯ ಶೀಸೆಗಿಂತ ಹಲವು ಪಟ್ಟು ಹೆಚ್ಚು. ಎಲ್ಲರೂ ಕೊಡಲಾರರು ಎಂಬುದೂ ನಿಜ. ಆದರೆ ಒಳ್ಳೆಯ ಶೀಸೆಯೊಂದನ್ನು ಅಕ್ಕತಂಗಿಯರು, ಗೆಳತಿಯರು ಹಂಚಿಕೊಂಡರೆ ವರ್ಷದ ಹಬ್ಬಗಳಿಗೆಲ್ಲ ಸಾಲುತ್ತದೆ. ಅಗ್ಗದ್ದನ್ನೇ ಕೊಂಡರೂ ವಿಳಾಸ ಇರುವುದನ್ನು ಕೊಳ್ಳಬಹುದು, ಅದಕ್ಕೆ ಹೆಚ್ಚಿನ ದುಡ್ಡು ಬೇಕಿಲ್ಲ. ಬಳೆ ಅಂಗಡಿಯವರ ಮುಂದೆ ನಾಲ್ಕು ಮಂದಿ ಶೀಸೆ ತಿರುಗಿಸಿ ವಿಳಾಸ ಹುಡುಕಿದರೆ, ಮುಂದಿನ ಸಲ ಅವರು ವಿಳಾಸ ಇರುವ ಮಾಲನ್ನೇ ತರುತ್ತಾರೆ.

ಈ ಭಾಗದ ಹುಡುಗಿಯೊಬ್ಬಳು ಮುಂದೊಂದು ದಿನ ತಾನೇ ಚಮಕಿ ಬಣ್ಣ ತಯಾರಿಸುತ್ತೇನೆ ಎಂದು ಹೊರಟರೆ ಆಕೆಗೆ ಬೇಕಾದ ಅರಿವಿನ ಅರ್ಧ ಇಲ್ಲಿಯೇ ಇದೆ. ಬಣ್ಣಕ್ಕೆ ಬಣ್ಣ ಹೊಂದಿಸುವ ಕಣ್ಣು ಮಗ್ಗದ ಮನೆಗಳಲ್ಲಿದೆ. ಹತ್ತಿಯ ಹದ, ಮಣ್ಣಿನ ಗುಣ ಹೊಲದವರಿಗೆ ಗೊತ್ತಿದೆ. ಉಳಿದ ಅರ್ಧ ರಸಾಯನ ವಿಜ್ಞಾನ, ಪರವಾನಗಿ ಮತ್ತು ಪ್ರಾಮಾಣಿಕ ಲೇಬಲ್. ಅವು ಕಲಿತು ಪಡೆಯುವಂಥವು. ಅಂಥ ಶೀಸೆಯ ಮೇಲೆ ರಾಮದುರ್ಗ ತಾಲೂಕು, ಬೆಳಗಾವಿ ಜಿಲ್ಲೆ ಎಂಬ ವಿಳಾಸ ಅಚ್ಚಾದರೆ ಮೊದಲ ಗಿರಾಕಿಯಾಗಿ ನಾನು ಕೊಳ್ಳುತ್ತೇನೆ. ಕೊಳ್ಳುವ ಮುನ್ನ ಇಲ್ಲಿ ಬರೆದ ಪ್ರಶ್ನೆಗಳನ್ನೆಲ್ಲ ಆಕೆಗೂ ಕೇಳುತ್ತೇನೆ.